ಅಕ್ಕ ಎಣ್ಣೆ ಹಚ್ಚಿದ ಎಸಿ

ಸವಾಯಿ ದ್ವೀಪದಲ್ಲಿ ನನ್ನಿಂದ ಬೈಸಿಕೊಳ್ಳದ ಮನೆ ಇದೆ ಎಂದರೆ ಆ ಮನೆಯಲ್ಲಿ ಎಸಿ ಇಲ್ಲ ಎಂದೇ ಅರ್ಥ. ಹೊರಗಿನ ಯೂನಿಟ್ಟಿನ ತಲೆಯ ಮೇಲೆ ಮೀನು ಒಣಗಿಸುವವರಿಗೆ ಬೈದಿದ್ದೇನೆ. ಫ್ಯಾನಿನ ಗಾಳಿಗೆ ಸೊಂಟಕ್ಕೆ ಸುತ್ತುವ ಲಾವಲಾವ ಪಂಚೆಯನ್ನು ಒದ್ದೆಯಾಗಿಯೇ ನೇತುಹಾಕುವವರಿಗೆ ಬೈದಿದ್ದೇನೆ. ಉಪ್ಪುಗಾಳಿ ತಾಗಬಾರದೆಂದು ಯೂನಿಟ್ಟಿನ ಸುತ್ತ ಇಟ್ಟಿಗೆ ಗೋಡೆ ಕಟ್ಟಿಸಿ, ಮೇಲೆ ತಗಡು ಹೊದಿಸಿದ ಪಾದ್ರಿಗಂತೂ ಅವರ ಇಗರ್ಜಿಯ ಮೆಟ್ಟಿಲ ಮೇಲೆ ನಿಂತೇ ಬೈದಿದ್ದೇನೆ. "ಅದು ಉಸಿರಾಡ್ಬೇಕು ಸ್ವಾಮಿ! ನಿಮ್ಮನ್ನ ಗೋರಿಯೊಳಗಿಟ್ಟು ಓಡು ಅಂದ್ರೆ ಓಡ್ತೀರಾ?" ಪಾದ್ರಿ ನಕ್ಕು, ಮರುದಿನವೇ ಗೋಡೆ ಒಡೆಸಿದರು. ಅಲಪಾತಿ ಬೈದ ಎಸಿ ಮತ್ತೆ ಕೆಡುವುದಿಲ್ಲ ಎಂಬ ಮಾತು ನಮ್ಮ ದ್ವೀಪದಲ್ಲಿದೆ. ಹಡಗುಕಟ್ಟೆಯ ಪಕ್ಕದ ನನ್ನ ಅಂಗಡಿಗೆ ಬಂದು, "ಬೇಗ ಬಂದು ಬೈದು ಹೋಗಪ್ಪಾ" ಎಂದೇ ಕರೆಯುತ್ತಾರೆ.

ಒಬ್ಬಳಿಗೆ ಮಾತ್ರ ನಾನು ಬೈಯಲಾರೆ. ಅವಳು ನನ್ನ ಅಕ್ಕ ಫೆತೂ.

ಅಣ್ಣತಮ್ಮಂದಿರ ಕಣ್ಣಗುಡ್ಡೆಯೇ ಅಕ್ಕತಂಗಿ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕಣ್ಣಿಗೆ ಯಾರಾದರೂ ಕೈ ಹಾಕುತ್ತಾರೆಯೇ? ಅಕ್ಕನ ಎದುರು ದನಿ ಏರಿಸಬಾರದು, ಕೆಟ್ಟ ಮಾತಾಡಬಾರದು, ಮೀಸೆ ಮೂಡಿದ ಮೇಲೆ ಅವಳ ಚಾಪೆಯಲ್ಲಿ ಕೂರಬಾರದು, ಅವಳನ್ನು ಮುಟ್ಟಬಾರದು. ಅವಳು ಹೇಳಿದ್ದಕ್ಕೆ "ಆಯ್ತು ಅಕ್ಕ". ಅಷ್ಟೇ. ಊರ ಮೇಲೆಲ್ಲ ಉರಿ ಕಾರುವ ಈ ಅಲಪಾತಿ, ಸಫೋತು ಹಳ್ಳಿಯ ಅವಳ ಅಂಗಳಕ್ಕೆ ಕಾಲಿಟ್ಟರೆ ಇಲಿಮರಿ.

ನನ್ನ ಮಗಳು ತೆವೀಲಾಳ ಮದುವೆ ಶನಿವಾರ. ಗುರುವಾರ ಬೆಳಿಗ್ಗೆ ಅಕ್ಕನ ಗಂಡ ಫೆರೇತಿಯ ಫೋನು ಬಂತು.

"ಪಾತಿ, ಎಲ್ಲಿದ್ದೀಯೋ?"

"ಸ್ವರ್ಗದಲ್ಲಿ. ವಿಷಯ ಹೇಳು ಭಾವ."

"ನೀನು ಹಾಕಿಕೊಟ್ಟ ಎಸಿ ಬಿಸಿ ಗಾಳಿ ಊದ್ತಿದೆ. ಕೇಕಿನ ಕೋಣೇಲಿ ಬೆಣ್ಣೆ ಬೆವರ್ತಾ ಇದೆ. ನಿನ್ನಕ್ಕ ಬೆಳಗ್ಗೆಯಿಂದ ಬಾಯೇ ಬಿಟ್ಟಿಲ್ಲ. ನಂಗೆ ಭಯ ಆಗ್ತಿದೆ ಮಾರಾಯ."

ನಮ್ಮಲ್ಲಿ ಮದುವೆಯ ಕೇಕು ತಿನ್ನುವುದಕ್ಕಿಂತ ಹೆಚ್ಚಾಗಿ ಹಂಚುವುದಕ್ಕೆ. ಒಂದೊಂದು ಅಂತಸ್ತೂ ಒಬ್ಬೊಬ್ಬರ ಮರ್ಯಾದೆ. ಇದು ಪಾದ್ರಿಗೆ, ಇದು ಗಂಡಿನ ಕಡೆಯ ಮುಖಂಡನಿಗೆ, ಇದು ಗಂಡಿನ ತಾಯಿಯ ಮನೆಗೆ ಎಂದು ಕೂಗಿ ಹೇಳಿ, ಇಡೀ ಅಂತಸ್ತನ್ನೇ ಎತ್ತಿ ಕೊಡಬೇಕು. ಒಂದು ಅಂತಸ್ತು ಕುಸಿದರೆ ಒಬ್ಬರ ಮುಖಕ್ಕೆ ಹೊಡೆದ ಹಾಗೆ. ಈ ದ್ವೀಪದಲ್ಲಿ ಅಂಥ ಕೇಕು ಕಟ್ಟುವುದರಲ್ಲಿ ಅಕ್ಕನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಅದಕ್ಕಾಗಿಯೇ ನಾನು ಅವಳ ಮನೆಯ ಹಿಂದಿನ ಕೋಣೆಗೆ ಎಸಿ ಹಾಕಿಕೊಟ್ಟದ್ದು. ಇನ್ನೊಂದು ವಿಷಯವೂ ಇದೆ. ಅಕ್ಕನಿಗೆ ಮಕ್ಕಳಿಲ್ಲ. ತೆವೀಲಾ ನಡೆಯಲು ಕಲಿತದ್ದು ಅವಳ ಅಂಗಳದಲ್ಲಿ. ಎಷ್ಟೋ ಮದುವೆಗಳಿಗೆ ಕೇಕು ಕಟ್ಟಿದ ಅಕ್ಕ, ತನ್ನದೇ ಮಗಳಿಗೆ ಎಂದು ಕಟ್ಟುತ್ತಿದ್ದದ್ದು ಇದೊಂದೇ.

ವ್ಯಾನಿಗೆ ಸಿಲಿಂಡರು, ಪಂಪು ಎಲ್ಲ ತುಂಬಿಕೊಂಡು ಸಫೋತು ತಲುಪಿದಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕೈಯೆಲ್ಲ ಸಕ್ಕರೆ ಪುಡಿ.

"ಬಂದ್ಯಾ ಪಾತಿ."

"ಬಂದೆ ಅಕ್ಕ."

"ಇದು ನಿಂತ್ಹೋದ್ರೆ ನಾನೂ ನಿಂತ್ಹೋಗ್ತೀನಿ ನೋಡು. ಗಂಡಿನ ಕಡೆಯವರ ಮುಂದೆ ಓಲಾಡೋ ಕೇಕು ಇಡೋದಕ್ಕಿಂತ ಸಮುದ್ರ ಹಾರೋದು ವಾಸಿ."

ಹಿತ್ತಲಿಗೆ ಹೋಗಿ ಹೊರಗಿನ ಯೂನಿಟ್ಟನ್ನು ನೋಡಿದೆ. ಅಯ್ಯೋ ದೇವರೇ! ಅದು ಮದುವಣಗಿತ್ತಿಯ ತೋಳಿನಂತೆ ಮಿರಮಿರ ಮಿಂಚುತ್ತಿತ್ತು. ಹತ್ತಿರ ಹೋದರೆ ಮೊಸೊಯಿ ಹೂವಿನ ಘಮ. ಬೆರಳಿಟ್ಟು ನೋಡಿದೆ. ಕೊಬ್ಬರಿ ಎಣ್ಣೆ! ಹೂ ಹಾಕಿ ಕಾಯಿಸಿದ, ಮನೆಯಲ್ಲೇ ತೆಗೆದ ಒಳ್ಳೆಯ ಎಣ್ಣೆ. ಬಿಸಿ ಹೊರಬಿಡುವ ಹಿಂಬದಿಯ ತೆಳು ಅಲ್ಯೂಮಿನಿಯಂ ರೆಕ್ಕೆಗಳ ನಡುವೆಯೆಲ್ಲ ಇಳಿದಿತ್ತು. ಅದಕ್ಕೆ ಕೋಳಿಯ ಪುಕ್ಕ, ಧೂಳು, ಪಕ್ಕದಲ್ಲೇ ಇದ್ದ, ಕಲ್ಲು ಕಾಯಿಸಿ ಅಡುಗೆ ಬೇಯಿಸುವ ಉಮು ಒಲೆಯ ಬೂದಿ, ಎಲ್ಲ ಸೇರಿ ಕಪ್ಪು ರೊಟ್ಟಿಯಂತೆ ಮೆತ್ತಿಕೊಂಡಿತ್ತು. ಗಾಳಿ ನುಗ್ಗಲು ಸೂಜಿಮೊನೆಯಷ್ಟೂ ಜಾಗವಿಲ್ಲ. ಬಿಸಿ ಹೊರಹೋಗದೆ ಒಳಗಿನ ಒತ್ತಡ ಏರಿ, ಎಲ್ಲೋ ಕೊಳವೆ ಬಿಟ್ಟುಕೊಂಡು, ಗ್ಯಾಸೂ ಸೋರಿತ್ತು.

"ಅಕ್ಕ, ಇದಕ್ಕೆ ಯಾರಾದ್ರೂ ಏನಾದ್ರೂ ಹಚ್ಚಿದ್ರಾ?"

"ಯಾರು ಹಚ್ತಾರೆ? ನಾನೇ. ವಾರವಾರ ಹಚ್ತೀನಿ. ಸಮುದ್ರದ ಗಾಳಿ ಅಲ್ವಾ, ಮೈ ಒಡೀಬಾರ್ದು ಅಂತ. ನೋಡು, ತುಕ್ಕು ಹಿಡಿದಿದ್ಯಾ ಎಲ್ಲಾದ್ರೂ?"

ಹೆಮ್ಮೆಯಿಂದ ಕೇಳಿದಳು. ಬೇರೆ ಯಾರಾದರೂ ಆಗಿದ್ದರೆ ನನ್ನ ಬಾಯಿಂದ ಬರುತ್ತಿದ್ದ ಮಾತಿಗೆ ಅಂಗಳದ ಕೋಳಿಗಳು ಆಚೆ ಊರಿಗೆ ಓಡುತ್ತಿದ್ದವು. ನಾನು ನಾಲಿಗೆ ಬಿಗಿಹಿಡಿದೆ.

"ತುಕ್ಕು ಇಲ್ಲ ಅಕ್ಕ."

ಎಣ್ಣೆಯ ಆ ವಾಸನೆ ನನ್ನನ್ನು ಎಲ್ಲಿಗೋ ಎಳೆದೊಯ್ದಿತು. ಚಿಕ್ಕಂದಿನಲ್ಲಿ ನಾನು ಹವಳದ ದಿಬ್ಬದ ಮೇಲೆ ಮೀನು ಹಿಡಿಯಲು ಹೊರಟರೆ ಅಕ್ಕ ಬಾಟಲಿ ಹಿಡಿದು ಹಿಂದೆ ಬರುತ್ತಿದ್ದಳು. "ನಿಲ್ಲೋ, ಉಪ್ಪುನೀರಿಗೆ ಕಾಲು ಒಡೆಯುತ್ತೆ" ಎಂದು ಹಿಡಿದು ಕೂರಿಸಿ, ಹಿಮ್ಮಡಿಯಿಂದ ಮೊಣಕಾಲಿನವರೆಗೆ ತಿಕ್ಕುತ್ತಿದ್ದಳು. ನನ್ನ ದನಿ ಒಡೆದ ವರ್ಷ ಅಮ್ಮ ಅವಳ ಕೈಯಿಂದ ಬಾಟಲಿ ತೆಗೆದುಕೊಂಡು, "ಇನ್ನು ಸಾಕು, ಅವನು ಗಂಡಸಾದ" ಎಂದಳು. ಅಂದಿನಿಂದ ಅಕ್ಕನ ಕೈ ನನಗೆ ತಾಗಿಲ್ಲ.

ಅವಳಿಗೆ ಹೇಗೆ ಬೈಯಲಿ? ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಕೊತ್ತಿ ಅಲ್ಲೇ ನಿಂತಿತ್ತು, ಫೆರೇತಿ.

"ಭಾವ! ಉಮು ಒಲೆ ಹಾಕೋಕೆ ನಿಂಗೆ ದ್ವೀಪದಲ್ಲಿ ಬೇರೆ ಜಾಗ ಸಿಗ್ಲಿಲ್ವಾ? ಎಸಿಯ ಮೂಗಿನ ಕೆಳಗೇ ಬೇಕಿತ್ತಾ? ತಲೇಲಿ ಮಿದುಳಿದ್ಯಾ, ಕೆಸುವಿನಗಡ್ಡೆ ಇದ್ಯಾ?"

"ಲೋ, ಒಲೆ ನಮ್ಮಜ್ಜನ ಕಾಲದಿಂದ ಅಲ್ಲೇ ಇದೆ. ನಿನ್ನ ಎಸಿ ತಾನೇ ಆಮೇಲೆ ಬಂದದ್ದು?"

"ಎದುರು ಮಾತಾಡ್ಬೇಡ. ನೀರು ತಗೊಂಡ್ ಬಾ."

ನನಗೆ ಕೆಲಸ ಕಲಿಸಿದ ಮೇಷ್ಟ್ರು ಹೇಳುತ್ತಿದ್ದರು: ಎಣ್ಣೆ ಕಂಡಲ್ಲಿ ಸೋರಿಕೆ. ಗ್ಯಾಸು ಹೊರಬರುವಾಗ ಕಂಪ್ರೆಸರಿನ ಎಣ್ಣೆಯನ್ನೂ ಜೊತೆಗೆ ತರುತ್ತದೆ. ಎಲ್ಲಿ ಜಿಡ್ಡು ಕಾಣುತ್ತದೋ ಅಲ್ಲಿ ತೂತು. ಆದರೆ ಇಲ್ಲಿ ಜಿಡ್ಡು ಇಲ್ಲದ ಜಾಗವೇ ಇಲ್ಲ! ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವುದನ್ನು ನೋಡೋಣವೆಂದರೆ, ಎಣ್ಣೆಯ ಮೇಲೆ ನೊರೆ ನಿಲ್ಲುವುದಿಲ್ಲ. ಉಳಿದ ಗ್ಯಾಸನ್ನು ಖಾಲಿ ಸಿಲಿಂಡರಿಗೆ ಎಳೆದುಕೊಂಡು, ಯೂನಿಟ್ಟನ್ನು ಮಗುವಿಗೆ ಎರೆದ ಹಾಗೆ ಮತ್ತೆ ಮತ್ತೆ ತೊಳೆದೆವು. ಆಮೇಲೆ ಕೊಳವೆಗೆ ನೈಟ್ರೋಜನ್ ತುಂಬಿಸಿ ನೊರೆ ಹಚ್ಚಿದೆ. ಹಿತ್ತಾಳೆ ನಟ್ಟೊಂದರ ಬುಡದಲ್ಲಿ ಪುಟಪುಟ ಗುಳ್ಳೆ ಎದ್ದವು. ತಾಮ್ರದ ಕೊಳವೆಯ ತುದಿ ಕತ್ತರಿಸಿ, ಹೊಸದಾಗಿ ಬಾಯಿ ಅಗಲಿಸಿ, ನಟ್ಟು ಬಿಗಿದೆ. ಪಂಪು ಹಚ್ಚಿ ಒಳಗಿನ ಗಾಳಿ, ಪಸೆ ಎಲ್ಲವನ್ನೂ ಎಳೆಯಲು ಬಿಟ್ಟೆ.

ಅಷ್ಟರಲ್ಲಿ ಠಣ್ ಠಣ್ ಎಂದು ಊರಿನ ಗಂಟೆ ಬಡಿಯಿತು. ಗಂಟೆ ಎಂದರೆ ನಾನೇ ಕೊಟ್ಟ ಹಳೆಯ ಗ್ಯಾಸ್ ಸಿಲಿಂಡರು. ಮರಕ್ಕೆ ನೇತುಹಾಕಿ ಸುತ್ತಿಗೆಯಲ್ಲಿ ಬಡಿಯುತ್ತಾರೆ. ಸಂಜೆಯ ಪ್ರಾರ್ಥನೆಯ ಹೊತ್ತು. ಎರಡನೆಯ ಸಲ ಗಂಟೆ ಬಡಿಯುವವರೆಗೆ ಯಾರೂ ರಸ್ತೆಯಲ್ಲಿ ಓಡಾಡುವಂತಿಲ್ಲ, ಯಾವ ಯಂತ್ರವೂ ಸದ್ದು ಮಾಡುವಂತಿಲ್ಲ. ಮಾಡಿದರೆ ಊರ ಪಂಚಾಯ್ತಿಗೆ ಹಂದಿ ದಂಡ. ಹೊರಗಿನ ಊರಿನ ಮೆಕ್ಯಾನಿಕ್ಕುಗಳು ಇದಕ್ಕೆ ಗೊಣಗುತ್ತಾರೆ. ನನಗೆ ಇದೇ ಅನುಕೂಲ. ಒತ್ತಡ ತೋರಿಸುವ ಗೇಜಿನ ಕವಾಟ ಮುಚ್ಚಿ, ಪಂಪು ಆರಿಸಿ, ಒಳಗೆ ಹೋಗಿ ಪ್ರಾರ್ಥನೆಗೆ ಕೂರುತ್ತೇನೆ. ಎರಡನೆಯ ಗಂಟೆ ಆದ ಮೇಲೂ ಮುಳ್ಳು ಇದ್ದಲ್ಲೇ ಇದ್ದರೆ ಸೋರಿಕೆ ಇಲ್ಲ ಎಂದು ಅರ್ಥ.

ಮುಳ್ಳು ಕದಲಿರಲಿಲ್ಲ. ತೂಗಿ ಹೊಸ ಗ್ಯಾಸು ತುಂಬಿಸಿದೆ. ಕೋಣೆ ಮತ್ತೆ ತಣ್ಣಗಾಯಿತು. ಅಕ್ಕ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ತಂಪು ನೋಡಿದಳು.

"ಏನಾಗಿತ್ತೋ ಅದಕ್ಕೆ?"

ಅವಳ ಮುಖ ನೋಡಿದೆ. ಸುಳ್ಳು ತಾನಾಗಿ ಬಂತು.

"ಬೂದಿ ಅಕ್ಕ. ಭಾವನ ಒಲೆಯ ಬೂದಿ."

ಫೆರೇತಿ ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ.

ಶುಕ್ರವಾರ ಇಳಿಹೊತ್ತಿನಲ್ಲಿ ನಾನು ಮದುವೆ ಚಪ್ಪರದಲ್ಲಿ ಊರವರಿಗೆಲ್ಲ ಬೈಯುತ್ತ ಓಡಾಡುತ್ತಿದ್ದಾಗ ಮತ್ತೆ ಫೆರೇತಿಯ ಫೋನು.

"ಬಾ. ನಿನ್ನ ಎಸಿ ಮತ್ತೆ ಮಲಗ್ತು. ಕೇಕು ಅರ್ಧ ನಿಂತಿದೆ. ಮತ್ತೆ ನನ್ನ ಒಲೆ ಪೂರ್ತಿ ಮಲಗಿದೆ, ಅದನ್ನೂ ನೋಡುವೆಯಂತೆ."

ನನ್ನ ನಟ್ಟೇ ಸೋರಿತೋ ಎಂದುಕೊಂಡು ಓಡಿ ಹೋಗಿ ಗೇಜು ಹಚ್ಚಿದೆ. ಗ್ಯಾಸು ಕಡಿಮೆಯಾಗಿರಲಿಲ್ಲ, ಒತ್ತಡ ಮಾತ್ರ ಮಿತಿಮೀರಿ ಏರಿತ್ತು. ಹಿಂಬದಿ ನೋಡಿದೆ. ರೆಕ್ಕೆಗಳು ಬೂದಿಯಲ್ಲಿ ಮುಳುಗಿಹೋಗಿದ್ದವು. ಬೂದಿಯ ಕೆಳಗೆ ಹೊಸ ಎಣ್ಣೆ. ಮೊಸೊಯಿ ಹೂವಿನ ಘಮ.

ಫೆರೇತಿ ಪಕ್ಕದಲ್ಲಿ ಬಂದು ಕುಕ್ಕರಗಾಲಿನಲ್ಲಿ ಕೂತ.

"ನಡೆದದ್ದು ಕೇಳು. 'ನನ್ನ ತಮ್ಮ ಹೇಳಿದಾನೆ, ಬೂದಿಯಿಂದ ಕೆಟ್ಟದ್ದು' ಅಂತ ಬೆಳಗ್ಗೆ ಎದ್ದವಳೇ ನಿನ್ನಕ್ಕ ಒಲೆ ಒಡೆಸಿದ್ಲು. ನಮ್ಮಜ್ಜನ ಕಲ್ಲುಗಳನ್ನ ನನ್ನ ಕೈಯಿಂದ್ಲೇ ಕೀಳಿಸಿದ್ಲು. ಅದಕ್ಕೆ ಮೊದ್ಲು ಏನು ಮಾಡಿದ್ಲು ಗೊತ್ತಾ? 'ಪಾಪ, ನಿನ್ನೆ ಸೋಪು ಹಾಕಿ ತೊಳೆದು ಮೈ ಒಣಗ್ಸಿದಾನೆ' ಅಂತ ಬಾಟಲಿಗಟ್ಟಲೆ ಎಣ್ಣೆ ಹಚ್ಚಿದ್ಲು. ಒಲೆ ಕಿತ್ತಾಗ ಎದ್ದ ಬೂದಿ ಎಲ್ಲ ಎಲ್ಲಿ ಹೋಗಿ ಕೂತ್ಕೊಳ್ತು? ಹೇಳು ಬೃಹಸ್ಪತಿ."

"ನೀನ್ಯಾಕೆ ಹೇಳ್ಲಿಲ್ಲ ಅವಳಿಗೆ?"

"ಹೇಳ್ದೆ. 'ಎಣ್ಣೆ ಬೇಡ ಕಣೇ' ಅಂದೆ. 'ನನ್ನ ತಮ್ಮನಿಗಿಂತ ನಿಂಗೆ ಜಾಸ್ತಿ ಗೊತ್ತಾ' ಅಂದ್ಲು. ಈಗ ನೀನೇ ಹೇಳ್ಬೇಕು. ನಾಳೆ ಬೆಳಗ್ಗೆ ಮತ್ತೆ ಹಚ್ತಾಳೆ, ಕೇಕು ಮಂಟಪದಲ್ಲಿ ಹರ್ಕೊಂಡು ಹೋಗುತ್ತೆ."

ಬಕೆಟ್ಟಿಗೆ ಕೈ ಹಾಕುವಷ್ಟರಲ್ಲಿ ಠಣ್ ಠಣ್ ಎಂದು ಗಂಟೆ. ಹಾಳು ಗಂಟೆ! ಆ ಸಿಲಿಂಡರನ್ನು ಈ ಊರಿಗೆ ಕೊಟ್ಟ ನನ್ನ ಕೈಗೆ ನಾನೇ ಬೈದುಕೊಂಡೆ.

ಪ್ರಾರ್ಥನೆಗೆ ಅಕ್ಕ ಕೇಕಿನ ಕೋಣೆಯಲ್ಲೇ ಕೂತಳು, ಕೇಕನ್ನು ಬಿಟ್ಟು ಬರಲಾರಳು. ಫೆರೇತಿ ನಡುವೆ. ನಾನು ಬಾಗಿಲ ಹತ್ತಿರ ಬೇರೆ ಚಾಪೆಯಲ್ಲಿ. ಕೋಣೆ ಬೆಚ್ಚಗಾಗುತ್ತಿತ್ತು. ಎದ್ದು ನಿಂತಿದ್ದ ಬಿಳಿ ಅಂತಸ್ತುಗಳ ಮೇಲೆ ಅಕ್ಕ ಬೆಣ್ಣೆ-ಸಕ್ಕರೆಯಿಂದ ಮಾಡಿದ ಗುಲಾಬಿಗಳಿದ್ದವು. ಅವುಗಳ ಅಂಚು ಮಿಂಚತೊಡಗಿತ್ತು. ಅಕ್ಕ ಅವನ್ನೇ ನೋಡುತ್ತಿದ್ದಳು. ಅವಳನ್ನು ಹಾಗೆ ನೋಡಿ ನನಗೆ ಸಂಕಟ ತಡೆಯಲಾಗಲಿಲ್ಲ.

ಫೆರೇತಿ ಶುರುಮಾಡಿದ. "ಸ್ವಾಮಿ, ಬಡವನ ಒಲೆ ನೀನು ನೋಡಿದೀಯ. ಅದು ಯಾರಿಗೂ ಕೇಡು ಬಗೆದದ್ದಲ್ಲ. ಕೆಲವರಿಗೆ ನೀನು ಬಂಡೆ ಒಡೆಯೋಂಥ ಬಾಯಿ ಕೊಟ್ಟಿದೀಯ. ಬೇಕಾದ ಹೊತ್ತಿಗೆ ಮಾತ್ರ ಅದಕ್ಕೆ ಬೀಗ ಬೀಳುತ್ತೆ. ಆ ಬೀಗದ ಕೈ ಎಲ್ಲಿದೆ, ಸ್ವಲ್ಪ ಹುಡುಕಿಕೊಡಪ್ಪಾ."

ಮನೆಯವರು ಒಬ್ಬರಾದ ಮೇಲೊಬ್ಬರು ಪ್ರಾರ್ಥಿಸುವುದು ನಮ್ಮ ರೂಢಿ. ಈಗ ನನ್ನ ಸರದಿ. ಆ ಕ್ಷಣದಲ್ಲೇ ಹೊಳೆಯಿತು. ಅಕ್ಕನಿಗೆ ಹೇಳಬಾರದು, ಸರಿ. ದೇವರಿಗೆ ಹೇಳಬಾರದು ಎಂದು ಯಾರು ಹೇಳಿದ್ದಾರೆ?

ಕಣ್ಣು ಮುಚ್ಚಿದೆ. "ಸ್ವಾಮಿ, ನಾನು ಅಲಪಾತಿ. ಗೊತ್ತಲ್ಲ, ಬೈಯೋನು. ಚಿಕ್ಕಂದಿನಲ್ಲಿ ನಂಗೆ ಎಣ್ಣೆ ಹಚ್ಚಿದ ಕೈಗಳನ್ನ ನೀನು ಚೆನ್ನಾಗಿಟ್ಟಿರು. ಆ ಕೈಯಿಂದ್ಲೇ ನನ್ನ ಕಾಲು ಇವತ್ತಿಗೂ ನೆಟ್ಟಗಿದೆ. ಆದ್ರೆ ಸ್ವಾಮಿ, ಈ ಯಂತ್ರಕ್ಕೆ ಚರ್ಮ ಇಲ್ಲ. ಇರೋದು ಬರೀ ಮೂಗು. ಮೈಯೆಲ್ಲಾ ಮೂಗು. ಮೂಗಿಗೆ ಎಣ್ಣೆ ತುಂಬಿದ್ರೆ ಪಾಪ ಅದು ಹೇಗೆ ಉಸಿರಾಡ್ಬೇಕು? ಭಾವನ ಒಲೆ ತಪ್ಪು ಮಾಡಿಲ್ಲ. ಸುಳ್ಳು ಹೇಳಿದ್ದು ನಾನು. ಅಕ್ಕಂಗೆ ಹೇಳೋಕೆ ಬಾಯಿ ಬರ್ದೆ ನಿಂಗೆ ಹೇಳ್ತಿದೀನಿ. ಹೇಗಾದ್ರೂ ಮಾಡಿ ಅವಳ ಕಿವಿಗೆ ಹಾಕು."

ಒಂದು ಗುಲಾಬಿ ಮೆಲ್ಲಗೆ ಜಾರಿ ಕೆಳಗಿನ ಅಂತಸ್ತಿನ ಮೇಲೆ ಬಿತ್ತು.

"ಆಮೆನ್" ಎಂದಳು ಅಕ್ಕ, ಎಲ್ಲರಿಗಿಂತ ಮೊದಲು. ಎರಡನೆಯ ಗಂಟೆ ಬಡಿದದ್ದೇ ತಡ, ಎದ್ದು ನಿಂತಳು.

"ಪಾತಿ, ದೇವರು ನಂಗೆ ಹೇಳಿದ. ಬಕೆಟ್ಟೆಲ್ಲಿ?"

ನಾನು ಯೂನಿಟ್ಟಿನ ಮುಚ್ಚಳ ಬಿಚ್ಚಿ ಒಳಗಿನಿಂದ ನೀರು ಹಾಯಿಸಿದೆ. ಅಕ್ಕ ಆಚೆ ಬದಿಯಿಂದ ಸೋಪಿನ ನೀರು ಸುರಿದು, ಮೆತ್ತನೆಯ ಬ್ರಷ್ಷಿನಲ್ಲಿ ಮೇಲಿಂದ ಕೆಳಕ್ಕೆ ಎಳೆದಳು. ನಮ್ಮಿಬ್ಬರ ನಡುವೆ ಆ ತೆಳುವಾದ ರೆಕ್ಕೆಗಳ ಸಾಲು. ಕಪ್ಪು ನೀರು ಇಳಿದು, ಬೂದು ನೀರು ಇಳಿದು, ಕೊನೆಗೆ ಅವಳ ಮುಖ ರೆಕ್ಕೆಗಳ ಸಂದಿಯಿಂದ ಗೆರೆಗೆರೆಯಾಗಿ ಕಂಡಿತು.

"ಪಾತಿ."

"ಹೂಂ ಅಕ್ಕ."

"ಇದೇ ಕೆಲಸ ಪಾದ್ರಿ ಹೆಂಡ್ತಿ ಮಾಡಿದ್ರೆ ಏನಂತಿದ್ದೆ?"

"ಅದೆಲ್ಲ ಈಗ ಯಾಕೆ ಬಿಡು."

"ಹೇಳೋ."

"ಬಾಯಿಗೆ ಬಂದ ಹಾಗೆ ಬೈತಿದ್ದೆ."

"ಹಾಗೇ ನಂಗೂ ಒಂದ್ಸಲ ಬೈ. ಊರಿಗೆ ಊರೇ ನಿನ್ನ ಕೈಲಿ ಬೈಸಿಕೊಂಡು, ಅದನ್ನೇ ಹೇಳ್ಕೊಂಡು ನಗುತ್ತೆ. ನಂಗೊಬ್ಬಳಿಗೆ ಬರೀ 'ಹೂಂ ಅಕ್ಕ, ಆಯ್ತು ಅಕ್ಕ'. ನಾನೇನು ಹೊರಗಿನೋಳಾ? ಅಜ್ಜನ ಒಲೆ ಒಡೆಸಿದೀನಿ, ಮಗಳ ಕೇಕು ಕರಗಿಸ್ತಿದ್ದೆ. ಇದಕ್ಕೂ ಬೈಯಲ್ಲ ಅಂದ್ರೆ ಇನ್ಯಾವಾಗ ಬೈತೀಯ?"

ಬಾಯಿ ತೆರೆದೆ. ನಿಜವಾಗಿಯೂ ತೆರೆದೆ. ಎಷ್ಟೋ ವರ್ಷಗಳ ಬೈಗುಳ ಗಂಟಲಿನವರೆಗೆ ಬಂದು ಸಾಲುಗಟ್ಟಿ ನಿಂತಿತು.

"ಅಕ್ಕ... ನೀನು... ನೀನು ಊಟ ಮಾಡಿದ್ಯಾ?"

ಅಕ್ಕ ಬಕೆಟ್ಟು ಕವುಚಿ ಅದರ ಮೇಲೆ ಕೂತು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುನಗುತ್ತಲೇ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಮುಚ್ಚಳ ಹಾಕಿ ಸ್ವಿಚ್ಚು ಒತ್ತಿದೆ. ಕಂಪ್ರೆಸರು ಗುಂಯ್ ಎಂದು ಎದ್ದು, ಗೇಜಿನ ಮುಳ್ಳು ಬೇಕಾದ ಕಡೆ ಬಂದು ನಿಂತಿತು. ಅಕ್ಕ ಒಳಗೆ ಹೋಗಿ ಬಿದ್ದ ಗುಲಾಬಿಗೆ ಬದಲು ಹೊಸದು ಮಾಡತೊಡಗಿದಳು. ಫೆರೇತಿ ಮತ್ತು ನಾನು ಅಜ್ಜನ ಕಲ್ಲುಗಳನ್ನು ಹೊತ್ತು ಹಿತ್ತಲಿನ ಆ ಕೊನೆಯಲ್ಲಿ ಒಲೆ ಜೋಡಿಸಿದೆವು. ಅವನು ದಾರಿಯುದ್ದಕ್ಕೂ ನನಗೆ ಬೈದ. ನಾನು ಬೈಸಿಕೊಂಡೆ.

ಶನಿವಾರ ಕೇಕು ನಿಂತಿತು. ನೆಟ್ಟಗೆ, ಎಳ್ಳಷ್ಟೂ ವಾಲದೆ. ಅಂತಸ್ತುಗಳನ್ನು ಹೆಸರು ಕೂಗಿ ಹಂಚಿದಾಗ ಗಂಡಿನ ಕಡೆಯ ಮುಖಂಡ ತನ್ನ ಪಾಲನ್ನು ಎರಡೂ ಕೈಯಲ್ಲಿ ಎತ್ತಿ ತಲೆಗೆ ತಾಗಿಸಿಕೊಂಡ. ಅಕ್ಕ ಚಾಕು ಹಿಡಿದು ಕೇಕಿನ ಪಕ್ಕ ರಾಣಿಯ ಹಾಗೆ ನಿಂತಿದ್ದಳು. ಕೊನೆಗೆ ತೆವೀಲಾ ಕುಣಿಯಲು ಎದ್ದಳು. ಅವಳ ತೋಳು, ಹೆಗಲು ಎಣ್ಣೆಯಲ್ಲಿ ಹೊಳೆಯುತ್ತಿದ್ದವು. ಆ ಘಮ ನನಗೆ ಗೊತ್ತಿತ್ತು.

ಕುಣಿತ ಮುಗಿಸಿದವಳು ಸೀದಾ ನನ್ನ ಹತ್ತಿರ ಬಂದು ಚಾಪೆಯ ಮೇಲೆ ಮೊಣಕಾಲೂರಿ ಕೂತಳು. ಕೈಯಲ್ಲಿ ಬಾಟಲಿ. ತಳದಲ್ಲಿ ಸ್ವಲ್ಪ ಎಣ್ಣೆ ಉಳಿದಿತ್ತು.

"ಅಪ್ಪ, ಕಾಲು ಚಾಚು."

"ಯಾಕೆ?"

"ಫೆತೂ ಅತ್ತೆ ಕಳಿಸಿದಾರೆ. ಅವರು ನಿನ್ನ ಮುಟ್ಟೋ ಹಾಗಿಲ್ವಂತೆ, ಅದಕ್ಕೆ ನನ್ನ ಕೈ ಕೊಟ್ಟಿದಾರೆ. ಯಂತ್ರಕ್ಕೆ ಬೇಡ, ಯಂತ್ರದೋನ ಕಾಲಿಗೆ ಹಚ್ಚು ಅಂದ್ರು."

ಉತ್ತರಕ್ಕೂ ಕಾಯದೆ ನನ್ನ ಒಡೆದ ಹಿಮ್ಮಡಿಗೆ ಎಣ್ಣೆ ಸುರಿದು ತಿಕ್ಕತೊಡಗಿದಳು. ಹಿಮ್ಮಡಿಯಿಂದ ಮೇಲಕ್ಕೆ, ಅಕ್ಕ ತಿಕ್ಕುತ್ತಿದ್ದ ಹಾಗೆಯೇ. ಅದನ್ನೂ ಹೇಳಿಕೊಟ್ಟು ಕಳಿಸಿದ್ದಳು. ನನ್ನ ಕಣ್ಣು ತುಂಬಿತು. ಇಡೀ ಚಪ್ಪರ ನೋಡುತ್ತಿದೆ, ಮಾಡುವುದೇನು? ಮಗಳಿಗೆ ಬೈದೆ. ಜೀವಮಾನದಲ್ಲೇ ಬೈಯದಷ್ಟು ಜೋರಾಗಿ ಬೈದೆ.

"ಬುದ್ಧಿ ಇದ್ಯೇನೇ ನಿಂಗೆ! ಮದುವೆ ಬಟ್ಟೆಗೆಲ್ಲ ಎಣ್ಣೆ ಮಾಡ್ಕೋತಿದೀಯ! ಕೊಬ್ಬರಿ ಎಣ್ಣೆ ಕಂಡ್ರೆ ಸಾಕು, ಎದುರಿಗೆ ಸಿಕ್ಕಿದ್ದಕ್ಕೆಲ್ಲ ಹಚ್ಚೋದೇ? ಯಾವುದಕ್ಕೆ ಹಚ್ಬೇಕು, ಯಾವುದಕ್ಕೆ ಹಚ್ಬಾರ್ದು ಅಂತ ತಿಳ್ಕೊಳ್ಳೋದು ಬೇಡ್ವಾ? ಕೇಳೋಕೇನು ಬಾಯಿ ಇಲ್ವಾ? ತಮ್ಮ ಅಂತ ಒಬ್ಬ ಇಲ್ವಾ? ತಲೆಹರಟೆ! ಒಲೆ ಬೇರೆ ಒಡೆಸ್ತಾಳಂತೆ, ಒಲೆ!"

ತೆವೀಲಾ ತಲೆ ತಗ್ಗಿಸಿ ನಗು ತಡೆಯುತ್ತಿದ್ದಳು. ಅತ್ತ ಅಕ್ಕ ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಒಂದೊಂದು ಮಾತನ್ನೂ ಕೇಳಿಸಿಕೊಂಡಳು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಅಲ್ಲಿಂದಲೇ ಕೂಗಿದಳು.

"ಇನ್ನೂ ಜೋರಾಗಿ, ಪಾತಿ! ಇಲ್ಲಿಗೆ ಕೇಳಿಸ್ತಿಲ್ಲ!"

ನಾನು ಇನ್ನೊಂದು ಕಾಲನ್ನೂ ಚಾಚಿದೆ.